ಬಲಕ್ಕೂ ತಿರುಗಬೇಕಾದ ಕಾರು

ಅಮೆರಿಕದ ಸ್ಟಾಕ್ ಕಾರ್ ಪಂದ್ಯವನ್ನು ಟಿವಿಯಲ್ಲಿ ಹತ್ತು ನಿಮಿಷ ನೋಡಿದವರಿಗೂ ಒಂದು ಸಂಗತಿ ಗೊತ್ತಿರುತ್ತದೆ: ಈ ಕಾರುಗಳು ಎಡಕ್ಕೆ ಮಾತ್ರ ತಿರುಗುತ್ತವೆ. ಮೊಟ್ಟೆಯಾಕಾರದ ‘ಓವಲ್’ ಪಥ, ಅದರ ಸುತ್ತ ಎಡಕ್ಕೆ, ಮತ್ತೆ ಎಡಕ್ಕೆ, ಹೀಗೆ ನೂರಾರು ಸುತ್ತು. ವೇಗವೋ ಎದೆ ನಡುಗಿಸುವಂಥದ್ದು. 1987ರಲ್ಲಿ ಅಲಬಾಮಾ ರಾಜ್ಯದ ಟಲಡೇಗಾದಲ್ಲಿ ಬಿಲ್ ಎಲಿಯಟ್ ಅರ್ಹತಾ ಸುತ್ತನ್ನು ಗಂಟೆಗೆ ಸರಾಸರಿ 342 ಕಿ.ಮೀ. ವೇಗದಲ್ಲಿ ಮುಗಿಸಿದರು. ಸರಾಸರಿ ಎಂದಾಗ ತಿರುವುಗಳೂ ಆ ಲೆಕ್ಕದಲ್ಲಿ ಸೇರಿವೆ.

ಇಂಥ ಕಾರುಗಳೇ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಓಡುವಾಗ ಕಥೆ ಬೇರೆಯೇ ಆಗುತ್ತದೆ. ಸೆನೆಕಾ ಸರೋವರದ ಮೇಲಿನ ಗುಡ್ಡಗಳಲ್ಲಿ ಏರುತ್ತ ಇಳಿಯುತ್ತ, ಬಲಕ್ಕೂ ಎಡಕ್ಕೂ ಹೊರಳುತ್ತ ಸಾಗುವ ದಾರಿ ಅದು. ಅಂಚಿನಲ್ಲಿ ನೀಲಿ ಬಣ್ಣ ಬಳಿದ ಉಕ್ಕಿನ ತಡೆಬೇಲಿ. ಒಂದು ಸುತ್ತಿಗೆ 3.94 ಕಿ.ಮೀ. ಅದನ್ನು ಮುಗಿಸಲು ಒಳ್ಳೆಯ ಚಾಲಕನಿಗೂ ಸುಮಾರು 70 ಸೆಕೆಂಡು ಬೇಕು. ಅಂದರೆ ಸರಾಸರಿ ಗಂಟೆಗೆ 200 ಕಿ.ಮೀ. ಟಲಡೇಗಾದಲ್ಲಿ ತಿರುವನ್ನು ಲೀಲಾಜಾಲವಾಗಿ ದಾಟುವ ಕಾರು ಇಲ್ಲಿ ಅದರ ಅರ್ಧ ವೇಗಕ್ಕೂ ತಾಳದೆ ಜಾರಿ ಪಥದಿಂದ ಆಚೆ ಹೋಗುತ್ತದೆ. ಎಂಜಿನ್ನು ಸೊರಗಿಲ್ಲ, ಚಾಲಕ ಹೆದರಿಲ್ಲ. ಹಾಗಾದರೆ ತೊಡಕಾಗಿದ್ದು ಎಲ್ಲಿ?

ಓರೆಯ ನೆಲ ಹೊರುವ ಭಾರ

ಓಡುವ ವಸ್ತು ನೇರವಾಗಿಯೇ ಓಡಬಯಸುತ್ತದೆ. ಅದನ್ನು ತಿರುಗಿಸಬೇಕಾದರೆ ಯಾವುದಾದರೂ ಬಲ ಅದನ್ನು ತಿರುವಿನ ಒಳಮಗ್ಗುಲಿಗೆ ತಳ್ಳಬೇಕು. ವೇಗ ಎರಡು ಪಟ್ಟಾದರೆ ಈ ತಳ್ಳುವ ಬಲ ನಾಲ್ಕು ಪಟ್ಟು ಬೇಕಾಗುತ್ತದೆ. ಸ್ಟಿಯರಿಂಗ್ ಚಕ್ರ ಆ ಬಲವನ್ನು ಕೊಡುವುದಿಲ್ಲ, ಟೈರಿನ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಬಲ ಬರಬೇಕಾದದ್ದು ನೆಲದಿಂದ, ನಾಲ್ಕು ಟೈರುಗಳು ರಸ್ತೆಯನ್ನು ಮುಟ್ಟುವ ನಾಲ್ಕು ಪುಟ್ಟ ಜಾಗಗಳ ಮೂಲಕ. ಸುಮಾರು ಒಂದೂವರೆ ಟನ್ನಿನ ಕಾರಿಗೂ ಜಗತ್ತಿನೊಂದಿಗೆ ಇರುವ ಸಂಬಂಧ ಅಷ್ಟೇ.

ದೊಡ್ಡ ಓವಲ್ ಪಥಗಳಲ್ಲಿ ಈ ಕೆಲಸವನ್ನು ಟೈರು ಒಂಟಿಯಾಗಿ ಮಾಡುವುದಿಲ್ಲ. 1959ರಲ್ಲಿ ತೆರೆದ ಫ್ಲಾರಿಡಾದ ಡೇಟೋನಾ ಪಥದ ತಿರುವುಗಳನ್ನು ಒಳಕ್ಕೆ 31 ಡಿಗ್ರಿ ಓರೆಯಾಗಿ ಕಟ್ಟಿದ್ದಾರೆ. ಟಲಡೇಗಾದಲ್ಲಿ 33 ಡಿಗ್ರಿ. ಓರೆಯಾದ ನೆಲ ಕಾರನ್ನು ಮೇಲಕ್ಕೆ ಮಾತ್ರವಲ್ಲ, ಒಳಕ್ಕೂ ತಳ್ಳುತ್ತದೆ. ಜೊತೆಗೆ, ವೇಗ ಹೆಚ್ಚಿದಷ್ಟೂ ಕಾರು ನೆಲಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತದೆ, ಟೈರಿನ ಹಿಡಿತ ಇನ್ನಷ್ಟು ಬಲಿಯುತ್ತದೆ. ಸುಮಾರು 300 ಮೀಟರ್ ತ್ರಿಜ್ಯದ ತಿರುವೊಂದನ್ನು ತೆಗೆದುಕೊಳ್ಳಿ. ಸಮತಟ್ಟು ನೆಲದಲ್ಲಿ ಟೈರು ಕಾರಿನ ತೂಕದಷ್ಟೇ ಅಡ್ಡಬಲ ಕೊಡಬಲ್ಲದು ಎಂದಿಟ್ಟುಕೊಂಡರೆ ಗಂಟೆಗೆ 200 ಕಿ.ಮೀ. ಹತ್ತಿರ ಬರುವಾಗಲೇ ಅದು ಜಾರುತ್ತದೆ. ಅದೇ ತಿರುವನ್ನು 31 ಡಿಗ್ರಿ ಓರೆ ಮಾಡಿದರೆ ಆ ಮಿತಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಟೈರು ಬದಲಾಗಿಲ್ಲ, ಕಾರು ಬದಲಾಗಿಲ್ಲ, ಬದಲಾದದ್ದು ನೆಲದ ಓರೆ ಮಾತ್ರ.

ರೋಡ್ ಕೋರ್ಸ್, ಅಂದರೆ ಊರ ರಸ್ತೆಯ ಹಾಗೆ ಎರಡೂ ಕಡೆ ತಿರುಗುವ ಪಥದಲ್ಲಿ, ಈ ಉಪಕಾರ ಬಹುಮಟ್ಟಿಗೆ ಇಲ್ಲ. 40 ಮೀಟರ್ ತ್ರಿಜ್ಯದ ಸಮತಟ್ಟು ತಿರುವಿನಲ್ಲಿ ಮೇಲಿನ ಲೆಕ್ಕವನ್ನೇ ಹಾಕಿದರೆ ಮಿತಿ ಗಂಟೆಗೆ 71 ಕಿ.ಮೀ. ಎಂದು ಬರುತ್ತದೆ. ಹಿಂದಿನ ನೇರ ದಾರಿಯಲ್ಲಿ ಕಾರು 250ರ ಮೇಲೆ ಓಡುತ್ತಿರುತ್ತದೆ. ಹಾಗಾಗಿ ದೊಡ್ಡ ಓವಲ್ ಪಥಗಳಲ್ಲಿ ಹೆಚ್ಚು ಕೆಲಸವಿಲ್ಲದ ಬ್ರೇಕು ಇಲ್ಲಿ ಮುಖ್ಯ ಪಾತ್ರಧಾರಿಯಾಗುತ್ತದೆ. ನಿಜವಾದ ವಿಜ್ಞಾನ ಶುರುವಾಗುವುದು ಬ್ರೇಕೂ ತಿರುವೂ ಸಂಧಿಸುವ ಆ ಒಂದೆರಡು ಸೆಕೆಂಡುಗಳಲ್ಲಿ.

ಗೂಟಕ್ಕೆ ಕಟ್ಟಿದ ಹಸು

ಟೈರಿಗೆ ಎರಡು ಕೆಲಸವಿದೆ. ಒಂದು, ಕಾರನ್ನು ಹಿಂದಕ್ಕೋ ಮುಂದಕ್ಕೋ ಎಳೆಯುವುದು, ಅಂದರೆ ಬ್ರೇಕು ಮತ್ತು ವೇಗವರ್ಧನೆ. ಇನ್ನೊಂದು, ಪಕ್ಕಕ್ಕೆ ತಳ್ಳುವುದು, ಅಂದರೆ ತಿರುವು. ಎರಡು ಕೆಲಸಕ್ಕೂ ಇರುವುದು ಒಂದೇ ಹಿಡಿತ. ಈ ಮಾತನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಲು ಹತ್ತು ಮಾರು ಹಗ್ಗದಲ್ಲಿ ಗೂಟಕ್ಕೆ ಕಟ್ಟಿದ ಹಸುವನ್ನು ನೆನೆಯಿರಿ. ಅದು ಉತ್ತರಕ್ಕೆ ಹತ್ತು ಮಾರು ಹೋಗಬಹುದು, ಪೂರ್ವಕ್ಕೂ ಹತ್ತು ಮಾರು ಹೋಗಬಹುದು. ಆದರೆ ಉತ್ತರಕ್ಕೆ ಪೂರ್ತಿ ಹತ್ತು ಮಾರು ಹೋಗಿ ನಿಂತ ಹಸು ಅಲ್ಲಿಂದ ನೆಟ್ಟಗೆ ಪೂರ್ವಕ್ಕೆ ಒಂದು ಹೆಜ್ಜೆಯನ್ನೂ ಇಡಲಾರದು.

ಉತ್ತರವನ್ನು ಬ್ರೇಕು ಎಂದುಕೊಳ್ಳಿ, ಪೂರ್ವವನ್ನು ತಿರುವು ಎಂದುಕೊಳ್ಳಿ. ಹಸು ಮೇಯಬಲ್ಲ ಜಾಗ ಒಂದು ವೃತ್ತ. ಟೈರಿನ ಈ ವೃತ್ತವನ್ನು ‘ಹಿಡಿತದ ವೃತ್ತ’ ಎಂದು ಕರೆಯೋಣ. ಇಂಗ್ಲಿಷಿನಲ್ಲಿ ಎಂಜಿನಿಯರುಗಳು ಫ್ರಿಕ್ಷನ್ ಸರ್ಕಲ್ ಎನ್ನುವುದು ಇದನ್ನೇ. ಬ್ರೇಕನ್ನು ಪೂರ್ತಿ ತುಳಿದ ಚಾಲಕ ಅದೇ ಕ್ಷಣದಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಹಗ್ಗ ಹರಿಯುತ್ತದೆ. ಚಕ್ರ ಎತ್ತ ತಿರುಗಿದ್ದರೂ ಕಾರು ನೇರ ಬೇಲಿಯತ್ತ ಹೋಗುತ್ತದೆ. ಹರಿದ ಮೇಲೆ ಸ್ಥಿತಿ ಇನ್ನೂ ಕೆಟ್ಟದ್ದು, ಏಕೆಂದರೆ ಜಾರತೊಡಗಿದ ರಬ್ಬರಿನ ಹಿಡಿತ ಉರುಳುವ ರಬ್ಬರಿನದಕ್ಕಿಂತ ಕಡಿಮೆ.

ಈ ವೃತ್ತದಲ್ಲಿ ಒಂದು ಸೊಗಸಿದೆ, ಪಂದ್ಯ ಗೆಲ್ಲುವವರೆಲ್ಲ ಬಾಳುವುದು ಅದರ ಮೇಲೆಯೇ. ಹಸು ಉತ್ತರಕ್ಕೆ ಆರು ಮಾರು ಹೋಗಿದೆ ಎನ್ನಿ. ಪೂರ್ವಕ್ಕೆ ಎಷ್ಟು ಉಳಿಯಿತು? ನಾಲ್ಕು ಎನಿಸುತ್ತದೆ. ಅಲ್ಲ, ಎಂಟು. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜವನ್ನು ನೆನಪಿಸಿಕೊಂಡರೆ ಸಾಕು: ಆರು, ಎಂಟು, ಹತ್ತು. ಶೇಕಡಾ 60ರಷ್ಟು ಬ್ರೇಕು ಹಿಡಿದಿರುವಾಗಲೂ ತಿರುಗಲು ಶೇಕಡಾ 80ರಷ್ಟು ಹಿಡಿತ ಸಿಗುತ್ತದೆ!

ಬ್ರೇಕನ್ನು ಪೂರ್ತಿ ಬಿಟ್ಟು ಆಮೇಲೆ ಸ್ಟಿಯರಿಂಗ್ ತಿರುಗಿಸುವ ಚಾಲಕ ಮಾಡುವುದೇನು? ಉತ್ತರದ ತುದಿಯಲ್ಲಿದ್ದ ಹಸುವನ್ನು ಮೊದಲು ಗೂಟದ ಬಳಿಗೆ ಕರೆತಂದು, ಅಲ್ಲಿಂದ ಪೂರ್ವಕ್ಕೆ ಹೊರಡಿಸುತ್ತಾನೆ. ನಡುವೆ ಹಗ್ಗ ಸಡಿಲವಾಗಿತ್ತು, ಅಷ್ಟು ಹಿಡಿತ ವ್ಯರ್ಥವಾಯಿತು. ಪಳಗಿದ ಚಾಲಕ ಬ್ರೇಕನ್ನು ಎಳೆಎಳೆಯಾಗಿ ಬಿಡುತ್ತ, ಅದೇ ಪ್ರಮಾಣದಲ್ಲಿ ಸ್ಟಿಯರಿಂಗ್ ತಿರುಗಿಸುತ್ತ ಹೋಗುತ್ತಾನೆ. ಹಗ್ಗ ಎಲ್ಲೂ ಸಡಿಲವಾಗದೆ, ಎಲ್ಲೂ ಹರಿಯದೆ, ಹಸು ವೃತ್ತದ ಅಂಚಿನಲ್ಲೇ ಉತ್ತರದಿಂದ ಪೂರ್ವಕ್ಕೆ ಬರುತ್ತದೆ. ತಿರುವಿನ ಹೊಕ್ಕುಳಲ್ಲಿ ಬ್ರೇಕು ಸೊನ್ನೆ, ತಿರುವು ಪೂರ್ತಿ. ಆಮೇಲೆ ಅದೇ ಅಂಚಿನಲ್ಲಿ ದಕ್ಷಿಣದ ಕಡೆಗೆ: ಸ್ಟಿಯರಿಂಗ್ ನೇರವಾದಷ್ಟೇ ಆಕ್ಸಿಲರೇಟರ್. ರೋಡ್ ಕೋರ್ಸ್‌ನ ಚಾಲನೆ ಎಂದರೆ ಇದಿಷ್ಟೇ. ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ, ತೊಂಬತ್ತು ಸುತ್ತು ಬಿಡದೆ ಇದನ್ನು ಮಾಡುವುದು ಮಾತ್ರ ಕೆಲವರಿಗಷ್ಟೇ ಸಾಧ್ಯ.

ಮೊದಲ ತಿರುವಿನಲ್ಲಿ ಏನಾಗುತ್ತದೆ

ವಾಟ್ಕಿನ್ಸ್ ಗ್ಲೆನ್‌ನ ಮೊದಲ ತಿರುವು ಬಲಕ್ಕೆ. ದಾರಿ ಇಳಿಜಾರಿನಲ್ಲಿ ಇಳಿದು ಬಂದು ಅಲ್ಲಿ ಹೆಚ್ಚುಕಡಿಮೆ ಲಂಬಕೋನಕ್ಕೆ ಮುರಿಯುತ್ತದೆ. ಚಾಲಕ ಬ್ರೇಕನ್ನು ಗಟ್ಟಿಯಾಗಿ ತುಳಿದ ತಕ್ಷಣ ಕಾರಿನ ಮೂತಿ ನೆಲಕ್ಕೆ ಬಾಗುತ್ತದೆ, ಹಿಂಭಾಗ ಎದ್ದು ನಿಲ್ಲುತ್ತದೆ. ಕಾರಿನ ಒಟ್ಟು ತೂಕ ಬದಲಾಗಿಲ್ಲ, ಆದರೆ ಅದರ ಒಂದು ಪಾಲು ಹಿಂದಿನ ಟೈರುಗಳಿಂದ ಮುಂದಿನವಕ್ಕೆ ಸರಿದಿದೆ. ಇದು ಭಾರ ಪಲ್ಲಟ. ಟೈರಿನ ಮೇಲೆ ಭಾರ ಹೆಚ್ಚಿದಷ್ಟು ಹಗ್ಗ ಉದ್ದ, ಭಾರ ತಗ್ಗಿದಷ್ಟು ಗಿಡ್ಡ. ನಾಲ್ಕು ಟೈರಿಗೆ ನಾಲ್ಕು ಹಗ್ಗ, ನಾಲ್ಕೂ ಕ್ಷಣಕ್ಷಣಕ್ಕೆ ಉದ್ದ ಬದಲಿಸುತ್ತವೆ.

ಈಗ ಹಿಂದಿನ ಟೈರುಗಳ ಹಗ್ಗ ಗಿಡ್ಡವಾಗಿದೆ. ಹಿಂದಿನ ಬ್ರೇಕು ಒಂದಿಷ್ಟು ಹೆಚ್ಚು ಹಿಡಿದರೂ ಅವು ಜಾರಿ, ಕಾರಿನ ಬಾಲ ಮೂತಿಗಿಂತ ಮುಂದೆ ಬಂದುಬಿಡುತ್ತದೆ. ಅದಕ್ಕೇ ಮುಂದಿನ ಮತ್ತು ಹಿಂದಿನ ಬ್ರೇಕಿನ ಪಾಲನ್ನು ಓಟದ ನಡುವೆಯೇ ಹೊಂದಿಸಿಕೊಳ್ಳಲು ಚಾಲಕನ ಕೈಗೆಟುಕುವಲ್ಲಿ ಒಂದು ತಿರುಪು ಇರುತ್ತದೆ. ಗೇರು ಇಳಿಸುವುದರಲ್ಲೂ ಅಪಾಯ ಅಡಗಿದೆ. ಕೆಳಗಿನ ಗೇರಿಗೆ ಹಾಕಿದಾಗ ಎಂಜಿನ್ನಿನ ಸುತ್ತು ಚಕ್ರದ ಸುತ್ತಿಗೆ ಹೊಂದದಿದ್ದರೆ ಎಂಜಿನ್ನೇ ಹಿಂದಿನ ಚಕ್ರಗಳನ್ನು ಹಿಡಿದೆಳೆಯುತ್ತದೆ. ಯಾರೂ ತುಳಿಯದ ಬ್ರೇಕು ಅದು, ಆದರೂ ಹಗ್ಗ ಖರ್ಚಾಗುತ್ತದೆ. ಹಳೆಯ ಸ್ಟಾಕ್ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಜೋಡಿಸಿದ್ದರಿಂದ ಇಂಥ ಹೊತ್ತಿನಲ್ಲಿ ಹಿಂಭಾಗ ನೆಲ ಬಿಟ್ಟು ಕುಪ್ಪಳಿಸುತ್ತಿತ್ತು. ಇದನ್ನು ತಪ್ಪಿಸಲು ಚಾಲಕರು ಬಲಗಾಲಿನ ಬೆರಳ ಕಡೆಯಿಂದ ಬ್ರೇಕು ತುಳಿದಿರುವಾಗಲೇ ಅದೇ ಪಾದದ ಹಿಮ್ಮಡಿಯಿಂದ ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಎಂಜಿನ್ನಿನ ಸುತ್ತು ಏರಿಸುತ್ತಿದ್ದರು. ಎಡಗಾಲು ಕ್ಲಚ್ಚಿನ ಮೇಲೆ, ಬಲಗೈ ಗೇರಿನ ಮೇಲೆ, ಎಡಗೈ ಸ್ಟಿಯರಿಂಗ್ ಮೇಲೆ. ಸ್ಟಾಕ್ ಕಾರುಗಳಲ್ಲಿ ಬ್ರೇಕು ಹಿಡಿದಾಗ ಚಕ್ರ ಕಟ್ಟಿಕೊಳ್ಳದಂತೆ ಕಾಯುವ ಎಬಿಎಸ್ ಇಲ್ಲ, ಚಕ್ರ ಗಿರಗಿರನೆ ತಿರುಗದಂತೆ ತಡೆಯುವ ಎಲೆಕ್ಟ್ರಾನಿಕ್ ನೆರವೂ ಇಲ್ಲ. ನಿಯಮವೇ ಒಪ್ಪುವುದಿಲ್ಲ.

ತಿರುವು ಮುಗಿಯುವಾಗ ಇನ್ನೊಂದು ಪರೀಕ್ಷೆ. 2022ರಲ್ಲಿ ಹೊಸ ಕಾರು ಬಂದಾಗ ಅದಕ್ಕೆ 670 ಅಶ್ವಶಕ್ತಿ ಇತ್ತು, ಅದಷ್ಟೂ ಹಿಂದಿನ ಎರಡು ಟೈರುಗಳಿಗೆ. ಸ್ಟಿಯರಿಂಗ್ ಇನ್ನೂ ಬಾಗಿರುವಾಗ ಅವಸರಪಟ್ಟು ಕಾಲೊತ್ತಿದರೆ ಹಗ್ಗ ಹರಿದು ಕಾರು ಗಿರ್ರನೆ ತಿರುಗುತ್ತದೆ. ಆದರೂ ಎಲ್ಲರ ಕಣ್ಣು ಇರುವುದು ಇಲ್ಲೇ, ಏಕೆಂದರೆ ತಿರುವಿನಿಂದ ಹೊರಬರುವಾಗ ಗಳಿಸಿದ ಐದು ಕಿ.ಮೀ. ವೇಗ ಮುಂದಿನ ನೇರ ದಾರಿಯ ಉದ್ದಕ್ಕೂ ಜೊತೆಗಿರುತ್ತದೆ. ಅದಕ್ಕಾಗಿಯೇ ಅವರು ತಿರುವಿಗೆ ಹೊರ ಅಂಚಿನಿಂದ ಬಂದು, ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಹೋಗುತ್ತಾರೆ. ಹೀಗೆ ಮಾಡಿದರೆ ಬಾಗು ಅಗಲವಾಗುತ್ತದೆ. ಅದರ ತ್ರಿಜ್ಯ ಎರಡು ಪಟ್ಟಾದರೆ ಅದೇ ಟೈರಿನಲ್ಲಿ ಶೇಕಡಾ 40ರಷ್ಟು ಹೆಚ್ಚು ವೇಗ ಸಿಗುತ್ತದೆ.

ಎಂಜಿನಿಯರ್ ಗೆದ್ದ ಪಂದ್ಯ

ಈ ಪಂದ್ಯಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ಅಂಗಡಿಯಲ್ಲಿ ಸಿಗುವ ಕಾರನ್ನೇ ಓಡಿಸಬೇಕು ಎಂಬುದು ಸ್ಟಾಕ್ ಕಾರ್ ಪಂದ್ಯದ ಮೂಲ ಕಲ್ಪನೆ. ಇಂದು ಅದು ಹೊರಚಹರೆಯಲ್ಲಷ್ಟೇ ಉಳಿದಿದೆ, ಮುಂದೆ ಕಾಣುವ ಹೆಡ್‌ಲೈಟು ಕೂಡ ಅಂಟಿಸಿದ ಚಿತ್ರ. 1954ರಲ್ಲಿ ನ್ಯೂಜೆರ್ಸಿಯ ಲಿಂಡನ್ ವಿಮಾನ ನಿಲ್ದಾಣದ ರನ್‌ವೇಗಳ ಮೇಲೆ ನಾಸ್ಕಾರ್ ತನ್ನ ಮುಖ್ಯ ಸರಣಿಯ ಮೊದಲ ರೋಡ್ ಕೋರ್ಸ್ ಪಂದ್ಯ ನಡೆಸಿತು. ಭಾರೀ ಅಮೆರಿಕನ್ ಕಾರುಗಳ ನಡುವೆ ಗೆದ್ದದ್ದು ಆಲ್ ಕೆಲರ್ ಓಡಿಸಿದ ಇಂಗ್ಲೆಂಡಿನ ಜಾಗ್ವಾರ್. ಹಗುರ, ತಗ್ಗು, ತಿರುವಿಗೆಂದೇ ಕಟ್ಟಿದ ಕಾರು ಅದು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠ 1973ರ ಜನವರಿಯದು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ರೋಡ್ ಕೋರ್ಸ್‌ನಲ್ಲಿ ಮಾರ್ಕ್ ಡಾನಹ್ಯೂ ಗೆದ್ದರು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು ಅವರು. ರೋಜರ್ ಪೆನ್ಸ್ಕಿ ತಂಡದ ಅವರ ಎಎಂಸಿ ಮ್ಯಾಟಡಾರ್ ಕಾರಿನ ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು ಇತ್ತು, ಎದುರಾಳಿಗಳು ಇನ್ನೂ ಡ್ರಮ್ ಬ್ರೇಕನ್ನು ನೆಚ್ಚಿದ್ದರು. ಡಿಸ್ಕ್ ಬ್ರೇಕು ಟೈರಿನ ಹಗ್ಗವನ್ನು ಒಂದು ಗೇಣೂ ಉದ್ದ ಮಾಡುವುದಿಲ್ಲ. ಬ್ರೇಕು ಹಿಡಿದಾಗ ಕಾರಿನ ಚಲನಶಕ್ತಿಯೆಲ್ಲ ಶಾಖವಾಗುತ್ತದೆ. ಡ್ರಮ್ಮಿನಲ್ಲಿ ಅದು ಒಳಗೇ ಕೂತು, ಸುತ್ತುಗಳು ಕಳೆದಂತೆ ಬ್ರೇಕು ಸೋಲುತ್ತದೆ. ಡಿಸ್ಕು ಗಾಳಿಗೆ ತೆರೆದಿರುವುದರಿಂದ ಶಾಖ ಹೊರಟುಹೋಗುತ್ತದೆ. ಹಾಗಾಗಿ ಡಾನಹ್ಯೂ ಹಗ್ಗದ ಪೂರ್ತಿ ಉದ್ದವನ್ನು ಪಂದ್ಯದ ಕೊನೆಯವರೆಗೂ ಬಳಸಬಲ್ಲವರಾದರು.

ಶಾಖವಾಗಬೇಕಾದ ಈ ಶಕ್ತಿ ಎಷ್ಟು ಕ್ರೂರ ಎಂಬುದಕ್ಕೆ ವಾಟ್ಕಿನ್ಸ್ ಗ್ಲೆನ್‌ನಲ್ಲೇ ಒಂದು ನೋವಿನ ಗುರುತಿದೆ. 1991ರ ಆಗಸ್ಟ್‌ನಲ್ಲಿ ಹಿಂಬದಿಯ ನೇರ ದಾರಿಯ ಕೊನೆಯ ತಿರುವಿನಲ್ಲಿ ಕಾರು ಕೈಕೊಟ್ಟು ಜೆ.ಡಿ. ಮೆಕ್‌ಡಫಿ ತೀರಿಕೊಂಡರು. ಮರುವರ್ಷ ಆ ತಿರುವಿಗೆ ಮೊದಲೇ ಇಕ್ಕಟ್ಟಾದ ಬಲ-ಎಡ ಹೊರಳುಗಳನ್ನು ಸೇರಿಸಿದರು. ವೇಗ ಅರ್ಧವಾದರೆ ಚಲನಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಜೀವ ಉಳಿಸುವ ಇಂಥ ಬದಲಾವಣೆಗಳು ಯಾರೋ ಸತ್ತ ಮೇಲೆಯೇ ಬರುವುದು ಮೋಟಾರು ಪಂದ್ಯಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ದುಃಖ.

ಎಡಗೈ ಕಾರನ್ನು ಎರಡೂ ಕೈಯದಾಗಿಸುವುದು

ಓವಲ್‌ಗೆಂದು ಸಜ್ಜಾದ ಸ್ಟಾಕ್ ಕಾರು ಬಲಕ್ಕೆ ತಿರುಗಲು ಯಾಕೆ ಒದ್ದಾಡುತ್ತದೆ ಎಂಬುದಕ್ಕೂ ಉತ್ತರ ಹಗ್ಗದಲ್ಲೇ ಇದೆ. ಭಾರ ಹೆಚ್ಚಿದರೆ ಹಗ್ಗ ಉದ್ದವಾಗುತ್ತದೆ ಎಂದೆವಲ್ಲ, ಅದರಲ್ಲಿ ಒಂದು ಕೊರತೆಯಿದೆ: ಭಾರ ಎರಡು ಪಟ್ಟಾದರೆ ಹಗ್ಗ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ. ಹಾಗಾಗಿ ಒಂದು ಬದಿಯ ಟೈರು ಹೆಚ್ಚು ಹೊತ್ತು, ಇನ್ನೊಂದು ಬದಿಯದು ಹಗುರಾದರೆ, ಎರಡರ ಒಟ್ಟು ಹಿಡಿತ ಸಮಭಾರವಿದ್ದಾಗಿನದಕ್ಕಿಂತ ಕಡಿಮೆಯಾಗುತ್ತದೆ. ಎಡಕ್ಕೆ ತಿರುಗುವಾಗ ಭಾರ ಬಲಗಡೆಗೆ ಸರಿಯುತ್ತದೆ. ಓವಲ್ ತಂಡಗಳು ಇದನ್ನು ಮೊದಲೇ ಲೆಕ್ಕ ಹಾಕಿ ಕಾರಿನ ತೂಕವನ್ನು ಎಡಕ್ಕೆ ಹೆಚ್ಚಿಟ್ಟಿರುತ್ತವೆ. ತಿರುವಿನಲ್ಲಿ ಒಂದಿಷ್ಟು ಭಾರ ಬಲಕ್ಕೆ ಹೋಗಿ ಎರಡೂ ಬದಿ ಸಮಕ್ಕೆ ಹತ್ತಿರ ಬರುತ್ತವೆ. ಅದೇ ಕಾರನ್ನು ಬಲಕ್ಕೆ ತಿರುಗಿಸಿದರೆ ಮೊದಲೇ ಭಾರವಾದ ಎಡ ಟೈರುಗಳ ಮೇಲೆ ಇನ್ನಷ್ಟು ಭಾರ ಬಿದ್ದು ಹಿಡಿತ ಕುಸಿಯುತ್ತದೆ.

ಮುಂದಿನ ಚಕ್ರಗಳನ್ನು ಎದುರಿನಿಂದ ನೋಡಿದರೂ ವ್ಯತ್ಯಾಸ ಕಾಣುತ್ತದೆ. ಓವಲ್ ಕಾರಿನಲ್ಲಿ ಎರಡೂ ಚಕ್ರಗಳ ನೆತ್ತಿ ಕಾರಿನ ಎಡಕ್ಕೇ ವಾಲಿರುತ್ತದೆ. ರೋಡ್ ಕೋರ್ಸ್ ಕಾರಿನಲ್ಲಿ ಎರಡರ ನೆತ್ತಿಯೂ ಒಳಕ್ಕೆ, ಒಂದರ ಕಡೆಗೊಂದು ವಾಲಿರುತ್ತದೆ. 2022ರ ಹೊಸ ಕಾರು ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಎಡಬಲ ಸಮನಾದ ಮೈಕಟ್ಟು, ಹಿಂದಿನ ಒಂದೊಂದು ಚಕ್ರಕ್ಕೂ ತನ್ನದೇ ಸಸ್ಪೆನ್ಷನ್, 18 ಇಂಚಿನ ಚಕ್ರ, ಅದರೊಳಗೆ ದೊಡ್ಡ ಬ್ರೇಕು, ಐದು ಗೇರು. ಗಟ್ಟಿ ಅಚ್ಚಿನ ಕುಪ್ಪಳಿಕೆ ಅಲ್ಲಿಗೆ ಮುಗಿಯಿತು.

ಎಣ್ಣೆ, ಮಳೆ ಮತ್ತು ಹೊರಗಿನಿಂದ ಬಂದವರು

ಹಗ್ಗದ ಉದ್ದ ನಿರ್ಧರಿಸುವುದರಲ್ಲಿ ಟೈರಿನ ಪಾಲು ಅರ್ಧ, ನೆಲದ ಪಾಲು ಅರ್ಧ. 2012ರ ಆಗಸ್ಟ್‌ನಲ್ಲಿ ವಾಟ್ಕಿನ್ಸ್ ಗ್ಲೆನ್‌ನ ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಪಥದ ಮೇಲೆ ಎಣ್ಣೆ ಚೆಲ್ಲಿತ್ತು. ಮುಂದಿದ್ದ ಕೈಲ್ ಬುಷ್ ಜಾರಿ ಅಗಲಕ್ಕೆ ಹೋದರು. ಹಿಂದೆಯೇ ಇದ್ದ ಬ್ರ್ಯಾಡ್ ಕೆಸೆಲೋಸ್ಕಿಯ ಕಾರು ತಗುಲಿ ಅವರ ಕಾರು ಸುತ್ತಿ ನಿಂತಿತು. ಆಮೇಲೆ ಕೆಸೆಲೋಸ್ಕಿ ಮತ್ತು ಆಸ್ಟ್ರೇಲಿಯಾದ ಮಾರ್ಕೋಸ್ ಆಂಬ್ರೋಸ್ ಒಬ್ಬರನ್ನೊಬ್ಬರು ಉಜ್ಜುತ್ತ, ಜಾರುತ್ತ, ಪಥದ ಅಂಚು ದಾಟಿ ಮತ್ತೆ ಒಳಬರುತ್ತ ಕಾದಾಡಿದರು. ಗೆದ್ದವರು ಆಂಬ್ರೋಸ್. ನೋಡುವವರಿಗೆ ಅದು ಕೋಲಾಹಲ. ಹಿಡಿತದ ವೃತ್ತ ಇದ್ದಕ್ಕಿದ್ದಂತೆ ಕುಗ್ಗಿದಾಗ, ಕುಗ್ಗಿದ ಅಂಚು ಎಲ್ಲಿದೆ ಎಂದು ಮೂವರು ನಿಪುಣರು ಒಟ್ಟಿಗೆ ತಡಕಾಡಿದ ಸುತ್ತು ಅದು.

ಮಳೆಯೂ ಇದನ್ನೇ ಮಾಡುತ್ತದೆ. ಓವಲ್‌ನಲ್ಲಿ ಮಳೆ ಬಂದರೆ ಪಂದ್ಯ ನಿಲ್ಲಿಸುವುದು ನಾಸ್ಕಾರ್‌ನ ಹಳೆಯ ರೂಢಿ. ನೀರು ಕೊರೆದು ಹೊರಹಾಕುವ ಗೀರುಗಳ ಟೈರು ಹಾಕಿ ಓಡಿಸಲು ಕಲಿತದ್ದು ರೋಡ್ ಕೋರ್ಸ್‌ಗಳಲ್ಲಿ. 2008ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎರಡನೇ ದರ್ಜೆಯ ಸರಣಿ ಹೀಗೆ ಮಳೆಯಲ್ಲೇ ಓಡಿತು, ಕೆನಡಾದವರೇ ಆದ ರಾನ್ ಫೆಲೋಸ್ ಗೆದ್ದರು. ಮಳೆಯಲ್ಲಿ ಜಾಣ ಚಾಲಕರು ಮಾಮೂಲಿ ದಾರಿಯನ್ನೇ ಬಿಟ್ಟುಬಿಡುತ್ತಾರೆ. ಒಣಗಿದಾಗ ಎಲ್ಲರೂ ಓಡಿಸಿ ರಬ್ಬರು ಹತ್ತಿ ನುಣುಪಾದ ಆ ಜಾಡು ಒದ್ದೆಯಾದಾಗ ಅತಿ ಹೆಚ್ಚು ಜಾರುತ್ತದೆ. ಯಾರೂ ತುಳಿಯದ ಒರಟು ಡಾಂಬರಿನಲ್ಲೇ ಹಿಡಿತ ಹೆಚ್ಚು.

2023ರ ಜುಲೈ 2ರಂದು ಷಿಕಾಗೋ ನಗರದ ಬೀದಿಗಳಲ್ಲೇ ಪಂದ್ಯ ನಡೆಯಿತು. ಜೋರು ಮಳೆಯಿಂದ ತಡವಾಗಿ, ಒದ್ದೆ ರಸ್ತೆಯಲ್ಲಿ ಶುರುವಾದ ಆ ಪಂದ್ಯವನ್ನು ನ್ಯೂಜಿಲೆಂಡಿನ ಷೇನ್ ವ್ಯಾನ್ ಗಿಸ್ಬರ್ಗನ್ ಗೆದ್ದರು. ನಾಸ್ಕಾರ್‌ನ ಮುಖ್ಯ ಸರಣಿಯಲ್ಲಿ ಅದು ಅವರ ಮೊಟ್ಟಮೊದಲ ಪಂದ್ಯ. 1963ರ ಬಳಿಕ ಮೊದಲ ಪಂದ್ಯದಲ್ಲೇ ಯಾರೂ ಗೆದ್ದಿರಲಿಲ್ಲ. ಇದನ್ನು ಪವಾಡ ಎಂದವರಿದ್ದಾರೆ, ನಾನು ಒಪ್ಪುವುದಿಲ್ಲ. ಆಂಬ್ರೋಸ್‌ರಂತೆ ಅವರೂ ಆಸ್ಟ್ರೇಲಿಯಾದ ಸೂಪರ್‌ಕಾರ್ಸ್ ಸರಣಿಯಿಂದ ಬಂದವರು. ಅಲ್ಲಿನ ಕಾರುಗಳೂ ಭಾರದವು, ವಿ8 ಎಂಜಿನ್ನಿನವು, ಓಡುವುದು ಎಡಬಲ ತಿರುವಿನ ಪಥಗಳಲ್ಲೇ. ಫಾರ್ಮುಲಾ ಒನ್ ಕಾರನ್ನು ಗಾಳಿಯೇ ನೆಲಕ್ಕೆ ಒತ್ತಿ ಹಗ್ಗ ಉದ್ದ ಮಾಡಿಕೊಡುತ್ತದೆ. ಭಾರದ ಕಾರಿಗೆ ಅಷ್ಟು ನೆರವಿಲ್ಲ. ಅದರಲ್ಲಿ ಪಳಗಿದವರ ಪಾದಕ್ಕೆ ವೃತ್ತದ ಅಂಚು ಚೆನ್ನಾಗಿ ಗೊತ್ತಿರುತ್ತದೆ. ಹಿಡಿತದ ವಿಜ್ಞಾನವನ್ನು ಕಣ್ಣಾರೆ ಕಾಣಬೇಕೆಂದರೆ ಫಾರ್ಮುಲಾ ಒನ್‌ಗಿಂತ ರೋಡ್ ಕೋರ್ಸ್‌ನ ಸ್ಟಾಕ್ ಕಾರ್ ಪಂದ್ಯವನ್ನೇ ನೋಡಿ ಎಂದು ನಾನು ಹೇಳುತ್ತೇನೆ.

ನಮ್ಮ ಘಾಟಿಯಲ್ಲಿ

ನಿಮ್ಮ ಕಾರಿನ, ಬೈಕಿನ ಟೈರಿಗೂ ಇದೇ ವೃತ್ತವಿದೆ. ಪಂದ್ಯದ ಚಾಲಕ ಅಂಚಿನಲ್ಲಿ ನಡೆಯುತ್ತಾನೆ, ಅಲ್ಲಿ ತಪ್ಪಿದರೆ ಜಾರಿಹೋಗಲು ಬಹಳ ಕಡೆ ಅಗಲವಾದ ಜಾಗ ಬಿಟ್ಟಿರುತ್ತಾರೆ. ಆಗುಂಬೆಯಲ್ಲಿ, ಚಾರ್ಮಾಡಿಯಲ್ಲಿ ಆ ಜಾಗವಿಲ್ಲ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಆದ್ದರಿಂದ ಇಲ್ಲಿ ಅಂಚಿಗೆ ಹೋಗಬೇಡಿ. ಬ್ರೇಕು ಮತ್ತು ತಿರುವನ್ನು ಬೆರೆಸುವ ಪಂದ್ಯದ ಜಾಣತನ ನಮಗೆ ಬೇಡ. ತಿರುವು ಬರುವ ಮೊದಲೇ, ದಾರಿ ನೇರ ಇರುವಾಗಲೇ ಬ್ರೇಕು ಹಿಡಿದು ಗೇರು ಇಳಿಸಿ, ಆಮೇಲೆ ತಿರುಗಿ. ಸವೆದ ಟೈರು, ಮೊದಲ ಮಳೆಗೆ ಮೇಲೆದ್ದ ಎಣ್ಣೆ ಜಿಡ್ಡು, ತಿರುವಿನಲ್ಲಿ ಬಿದ್ದ ಮರಳು, ಇವೆಲ್ಲ ಹಗ್ಗವನ್ನು ಅರ್ಧಕ್ಕೂ ಇಳಿಸಬಲ್ಲವು. ನಿಮ್ಮ ಗಾಡಿಯಲ್ಲಿ ಎಬಿಎಸ್ ಇರಬಹುದು. ಅದು ಚಕ್ರ ಕಟ್ಟಿಕೊಂಡು ಜಾರದಂತೆ ಕಾಯುತ್ತದೆ, ಇಲ್ಲದ ಹಿಡಿತವನ್ನು ಎಲ್ಲಿಂದಲೂ ತಂದುಕೊಡುವುದಿಲ್ಲ.